ಆ ಕಡೆ ಐದು ಮಿಲಿಮೀಟರ್, ಈ ಕಡೆ ಐದು

ಈ ಕಥೆಯನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯದೆ ಮೂರು ಸಲ ಶುರು ಮಾಡಿ ಮೂರು ಸಲ ಹೊಡೆದುಹಾಕಿದ್ದೇನೆ. ಮೊದಲನೆಯದು ಹೀಗಿತ್ತು: ‘ಆ ಕಾರು ನೆಲಕ್ಕೆ ಮುತ್ತಿಡುವಷ್ಟು ತಗ್ಗಾಗಿತ್ತು.’ ಕಾರುಗಳು ಮುತ್ತಿಡುವುದಿಲ್ಲ, ಉಜ್ಜುತ್ತವೆ. ಹೊಡೆದುಹಾಕಿದೆ. ಎರಡನೆಯದು: ‘ಅತ್ತೆಯ ತೂಕ ಎಷ್ಟೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.’ ವಾಕ್ಯ ಮುಗಿಯುವುದರೊಳಗೆ ಅತ್ತೆಯೇ ಕಥೆಯೊಳಗಿಂದ ತಲೆ ಹೊರಹಾಕಿ, “ಮೊದಲನೇ ಸಾಲಲ್ಲೇ ನನ್ನ ತಕ್ಕಡಿ ಹತ್ತಿಸ್ತೀಯಲ್ಲ, ನಿಂಗೆ ಬೇರೆ ಕೆಲಸ ಇಲ್ವೇನಮ್ಮಾ?” ಅಂದರು. ಅದನ್ನೂ ಹೊಡೆದುಹಾಕಿದೆ. ಮೂರನೆಯದರಲ್ಲಿ ಸೂರ್ಯೋದಯವಿತ್ತು. ಅದರ ಮಾತು ಬೇಡ.

ಆದ್ದರಿಂದ ನಾಲ್ಕನೆಯ ಸಲ, ನೇರವಾಗಿ ಟೈರಿನ ಅಂಗಡಿಯಿಂದ. (ಭಾಗಗಳಿಗೆ ಒಂದು, ಎರಡು ಎಂದು ನಂಬರು ಕೊಡುವ ಬದಲು ಟೈರಿನ ಅಗಲ ಕೊಟ್ಟಿದ್ದೇನೆ, ಮಿಲಿಮೀಟರಿನಲ್ಲಿ. ಇದೇನೋ ಹೊಸ ಪ್ರಯೋಗವೆಂದು ತಿಳಿದವರು ತಲೆದೂಗಲಿ. ನಿಜ ಹೇಳಬೇಕೆಂದರೆ ಈ ಕಥೆಯಲ್ಲಿ ನನಗೆ ಖಾತ್ರಿಯಿರುವುದು ಅಷ್ಟೇ.)

195

ಅವಳು ಹಲ್ಲಿನ ಸೆಟ್ಟು ಕಟ್ಟುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಲ್ಯಾಬಿನಲ್ಲಿ ಕೂತು, ಗುಲಾಬಿ ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಾಳೆ. ಹದಿನಾಲ್ಕು ವರ್ಷದ ಕೆಲಸ. ಕೆಲಸ ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಬೀಳಲೂ ಬಾರದು. ಬಿದ್ದರೆ ಕೆಟ್ಟಿತೆಂದೇ ಅರ್ಥ.

ಅದಕ್ಕೇ ಅವಳಿಗೆ ಆ ಕಾರು. ಸ್ಪ್ರಿಂಗ್ ಬದಲಾಯಿಸಿ ನಾಲ್ಕು ಸೆಂಟಿಮೀಟರ್ ಇಳಿಸಿದ್ದಾಳೆ. ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಗಾಡಿಯವರು ಕತ್ತು ಹೊರಳಿಸುತ್ತಾರೆ. ಅವಳ ಬದುಕಿನಲ್ಲಿ ಜನ ತಿರುಗಿ ನೋಡುವ ವಸ್ತು ಅದೊಂದೇ. ಈಗ ಎಂಟಿಂಚು ಅಗಲದ ನಾಲ್ಕು ಹೊಸ ಅಲಾಯ್ ಚಕ್ರ ಬಂದಿವೆ. ಅವುಗಳಿಗೆ ಎಷ್ಟು ಅಗಲದ ಟೈರು ಎಂಬುದೇ ಪ್ರಶ್ನೆ.

ನಾನು 195 ಹಾಕಿಸಲು ಹೊರಟೆ. ಅಗಲದ ಚಕ್ರಕ್ಕೆ ಕಿರಿದಾದ ಟೈರನ್ನು ಜಗ್ಗಿ ಹಿಗ್ಗಿಸಿ ಕೂರಿಸುವ ಶೋಕಿಯೊಂದಿದೆ. ಹೆದ್ದಾರಿಯ ತಿರುವಿನಲ್ಲಿ ಟೈರು ಚಕ್ರದಿಂದ ಕಳಚಿಕೊಳ್ಳುತ್ತದೆ, ಕಾರು ಮೂರು ಸುತ್ತು ತಿರುಗುತ್ತದೆ, ನೀವು ಉಸಿರು ಬಿಗಿಹಿಡಿಯುತ್ತೀರಿ. ಒಂದೂವರೆ ಪುಟ ಬರೆದೂ ಆಗಿತ್ತು.

“ನಮ್ಮಲ್ಲಿ ಅದಾಗಲ್ಲ,” ಅಂದ ಟೈರಿನವ, ಕೈ ಒರೆಸಿಕೊಳ್ಳುತ್ತ.

“ಅಣ್ಣ, ಕಥೆಗೆ ಬೇಕಿತ್ತು,” ಅಂದೆ.

“ಕಥೆ ನಿಮ್ದು. ಕಳಚಿಕೊಂಡ್ರೆ ಬೋರ್ಡ್ ಮೇಲಿರೋ ಹೆಸ್ರು ನಂದು.”

ಹೆದ್ದಾರಿ, ತಿರುವು, ಮೂರು ಸುತ್ತು ಎಲ್ಲ ಹೋಯಿತು. ಒಂದೂವರೆ ಪುಟ!

225

“ಎಂಟಿಂಚಿಗೆ 225 ಹಾಕಿ ಮೇಡಂ,” ಅಂದ ಟೈರಿನವ. “ಮೈತುಂಬ ಕೂರುತ್ತೆ. ಚಕ್ರದ ಅಂಚಿಗೂ ಕಾವಲು, ನೋಡೋಕೂ ಗತ್ತು.”

ಅವಳ ಮನಸ್ಸೂ ಅಲ್ಲೇ ಇತ್ತು. ಆದರೆ ಕಾರು ಇಳಿದಿದೆಯಲ್ಲ, ಹಿಂದಿನ ಟೈರಿನ ಮೇಲೆ ಫೆಂಡರಿನ, ಅಂದರೆ ಚಕ್ರದ ಮೇಲಿನ ತಗಡಿನ, ಅಂಚು ರೆಪ್ಪೆಯಂತೆ ಬಾಗಿಕೊಂಡಿದೆ. ಲ್ಯಾಬಿನಿಂದ ಕ್ಯಾಲಿಪರ್ ತಂದು, ಮಂಡಿಯೂರಿ, ಮೂರು ಸಲ ಅಳೆದಳು. 225 ಹಾಕಿದರೂ ಅಂಚಿಗೂ ಟೈರಿಗೂ ನಡುವೆ ಏಳು ಮಿಲಿಮೀಟರ್ ಉಳಿಯುತ್ತದೆ. ಗೆದ್ದೆ ಅಂದುಕೊಂಡಳು.

“ಅಳತೆ ಸರಿ,” ಅಂದ ಟೈರಿನವ. “ಆದ್ರೆ ಕಾರು ಖಾಲಿ ಇದೆ. ಹಿಂದೆ ಯಾರು ಕೂರ್ತಾರೆ?”

ಅವಳು ಇಬ್ಬರು ಮಕ್ಕಳನ್ನೂ ಅತ್ತೆಯನ್ನೂ ನೆನೆದು ಕ್ಯಾಲಿಪರನ್ನು ಪರ್ಸಿಗೆ ಸೇರಿಸಿದಳು.

(ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಒಪ್ಪಂದವನ್ನು ಇಲ್ಲಿ ತೋರಿಸುವುದು ಒಳ್ಳೆಯದು. ಒಕ್ಕಣೆ ಗಂಡನದು, ಸ್ಕೆಚ್ ಪೆನ್ನಿನ ಅಕ್ಷರ ಮಗಳದು: ‘ಮನೆಯ ಐದೂ ಜನ ಕೂತಾಗ, ಬೇಸ್‌ಮೆಂಟಿನ ಇಳಿಜಾರಿನಲ್ಲಿ, ಯಾವತ್ತಾದರೂ ಒಂದೇ ಒಂದು ಸಲ ಟೈರು ಉಜ್ಜಿದರೆ ಹಳೇ ಸ್ಪ್ರಿಂಗ್ ವಾಪಸ್. ಹೊಸ ಚಕ್ರ ಮಾರಾಟ. ತೀರ್ಪು: ಅಜ್ಜಿಯ ಕಿವಿ.’ ಕೆಳಗೆ ಐವರ ಸಹಿ. ಹಳೇ ಸ್ಪ್ರಿಂಗುಗಳು ಪೇಪರಿನಲ್ಲಿ ಸುತ್ತಿಕೊಂಡು ಮಂಚದ ಕೆಳಗೆ ಕಾಯುತ್ತಿವೆ.)

215

ಗಂಡ ಗಣಿತದ ಮೇಷ್ಟ್ರು. ಕೂತವರು ಇಷ್ಟು ಭಾರವಾದರೆ ಸ್ಪ್ರಿಂಗ್ ಇಷ್ಟು ಕುಗ್ಗುತ್ತದೆ, ಅಂಚು ಇಷ್ಟು ಕೆಳಗಿಳಿಯುತ್ತದೆ ಎಂದು ಮಗಳ ರಫ್ ಬುಕ್ಕಿನ ಹಿಂದೆ ಲೆಕ್ಕ ಹಾಕಿದ. ತನ್ನ ತೂಕ ಬರೆದ. ಹೆಂಡತಿಯದನ್ನು ಕೇಳಿ ಬರೆದ. ಮಕ್ಕಳಿಬ್ಬರದೂ ಶಾಲೆಯ ರಿಪೋರ್ಟಿನಲ್ಲಿತ್ತು. ಐದನೆಯ ಸಾಲಿನಲ್ಲಿ ಪೆನ್ನು ನಿಂತಿತು.

“ನಿಮ್ಮ ಅಮ್ಮ, ನೀವೇ ಕೇಳಿ,” ಅಂದಳು ಅವಳು.

“ನಾನಾ? ನಲವತ್ತು ವರ್ಷದಲ್ಲಿ ಅಪ್ಪ ಒಂದ್ಸಲ ಕೇಳಿದ್ರಂತೆ. ಆಮೇಲೆ ಎರಡು ದಿನ ಅವರೇ ಅಡುಗೆ ಮಾಡ್ಕೊಂಡ್ರು.”

ಐದನೆಯ ಸಾಲಿನಲ್ಲಿ ಅವನು ಎಕ್ಸ್ ಎಂದು ಬರೆದ. ಹೆತ್ತ ತಾಯಿಯನ್ನು ಎಕ್ಸ್ ಅಂದವನು ಅವನೊಬ್ಬನೇ ಇರಬೇಕು. ಆಮೇಲೆ ಇಬ್ಬರೂ ಕಿಟಕಿಯಲ್ಲಿ ನಿಂತು, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಎಕ್ಸನ್ನು ಕದ್ದು ನೋಡಿ ಅಂದಾಜು ಮಾಡಿದರು.

“ಎಂಬತ್ತೆರಡು.”

“ಎಂಬತ್ನಾಲ್ಕು. ಯಾವಾಗ್ಲೂ ಎಡಗಡೆ ಚಕ್ರದ ಮೇಲೇನೇ ಕೂರೋದು ಬೇರೆ.”

“ಕೇಳಿಸ್ತಾ ಇದೆ,” ಅಂದರು ಅತ್ತೆ, ತಿರುಗದೆ. ತೀರ್ಪುಗಾರರ ಕಿವಿ ಅಂಥದ್ದು.

ಎಂಬತ್ತೆರಡೆಂದೇ ಹಿಡಿದ ಲೆಕ್ಕದ ಉತ್ತರ: ಇಳಿಜಾರಿನ ಉಬ್ಬಿನಲ್ಲಿ 225 ಎರಡು ಮಿಲಿಮೀಟರ್ ಉಜ್ಜುತ್ತದೆ. 215 ಆದರೆ ಟೈರಿನ ಆ ಕಡೆ ಐದು ಮಿಲಿಮೀಟರ್, ಈ ಕಡೆ ಐದು ಕಡಿಮೆ, ಮೂರರಲ್ಲಿ ಪಾರು. 215 ಹಾಕಿಸಿದರೆ ಕಥೆ ಇಲ್ಲೇ ಮುಗಿಯಿತು. ನಾನೂ ಎದ್ದು ಪಾತ್ರೆ ತೊಳೆಯಬಹುದಿತ್ತು. ಆದರೆ ಅವಳು ಒಪ್ಪಲಿಲ್ಲ.

“ಲೆಕ್ಕ ಬರೀ ಲೆಕ್ಕ,” ಅಂದಳು ನನಗೆ. “ನಾನು ಮೇಣ ಹಚ್ಚಿ ನೋಡ್ತೀನಿ.”

“ಎರಡು ಮಿಲಿಮೀಟರ್‌ಗೆ ಇಷ್ಟೊಂದಾ?”

“ಹಲ್ಲಿನ ಸೆಟ್ಟು ಅರ್ಧ ಮಿಲಿಮೀಟರ್ ಹೆಚ್ಚಾದ್ರೆ ಜನ ಅನ್ನ ಬಿಡ್ತಾರೆ, ಗೊತ್ತಾ ನಿಮ್ಗೆ?”

(ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವಳು ನೆನಪಿಟ್ಟುಕೊಳ್ಳಲಿಲ್ಲ.)

225, ಮತ್ತೆ

ಟೈರಿನವ ಹಳೇ 225 ಒಂದು ಜೊತೆ ಹಿಂದಿನ ಚಕ್ರಗಳಿಗೆ ಏರಿಸಿ ಒಂದು ದಿನದ ಮಟ್ಟಿಗೆ ಕೊಟ್ಟ. ಅವಳು ಫೆಂಡರಿನ ಒಳ ಅಂಚಿಗೆ ಗುಲಾಬಿ ಮೇಣದ ಪಟ್ಟಿ ಒತ್ತಿದಳು, ಥೇಟ್ ವಸಡಿಗೆ ಒತ್ತುವ ಹಾಗೆ. ಟೈರು ಕೂದಲೆಳೆಯಷ್ಟು ತಾಗಿದರೂ ಗುರುತು ಬೀಳುತ್ತದೆ.

ಐದೂ ಜನ ಹತ್ತಿದರು. ಅತ್ತೆ ತಮ್ಮ ಎಡಗಡೆಯ ಸಿಂಹಾಸನದಲ್ಲಿ ಕೂತು, ಬಾಯಿಗೆ ಕರ್ಚೀಫು ಹಿಡಿದು, “ನಡಿಯಮ್ಮಾ, ನೋಡೇಬಿಡೋಣ” ಅಂದರು. ಕಾರು ಇಳಿಜಾರಿನಲ್ಲಿ ಇಳಿಯಿತು. ಕೆಳಗಿನ ಉಬ್ಬಿನ ಮೇಲೆ ಮುಂದಿನ ಚಕ್ರ ದಾಟಿತು. ಹಿಂದಿನದು ದಡಕ್ಕೆಂದು ಹತ್ತಿ ಇಳಿಯಿತು.

ಸದ್ದಿಲ್ಲ.

ಮಕ್ಕಳು ಕೇಕೆ ಹಾಕಿದರು. ಮೇಷ್ಟ್ರು ತನ್ನ ಲೆಕ್ಕ ತಪ್ಪಿದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡ. ಅವಳು ಇಳಿದು ಟಾರ್ಚು ಬಿಟ್ಟು ನೋಡಿದಳು. ಮೇಣದ ಮೇಲೆ ಒಂದು ಗೀರೂ ಇಲ್ಲ!

ಸುಖಾಂತ್ಯ ಬೇಕಾದವರು ಇಲ್ಲಿ ಇಳಿದುಕೊಳ್ಳಿ. 225 ಸಿಕ್ಕಿತು, ಕಾರು ಉಳಿಯಿತು, ನಮಸ್ಕಾರ.

ಹೋಗಲಿಲ್ಲವೆ? ಅವಳೂ ಹೋಗಲಿಲ್ಲ. ಗಂಡ ಮಕ್ಕಳು ಲಿಫ್ಟಿನ ಕಡೆ ಓಡಿದರೂ ಅವಳು ಟಾರ್ಚು ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಮೇಣ ಸುಳ್ಳು ಹೇಳುವುದಿಲ್ಲ. ಗಂಡನ ಕೂಡುವಿಕೆಯೂ ತಪ್ಪಿರಲಿಲ್ಲ, ಅವಳೇ ಪರೀಕ್ಷಿಸಿದ್ದಳು. ತಪ್ಪಾಗಬಹುದಾದದ್ದು ಒಂದೇ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದಳು. ಎಕ್ಸ್ ಎಂಬತ್ತೆರಡಲ್ಲ. ಎಪ್ಪತ್ತೂ ದಾಟುವುದಿಲ್ಲ.

ಹನ್ನೆರಡು ಕೆಜಿ ಎಲ್ಲಿ ಹೋಯಿತು? ಸಡಿಲ ಬಟ್ಟೆಯೊಳಗೆ, ದೊಡ್ಡ ಗಂಟಲಿನ ಹಿಂದೆ, ಒಂದೇ ಮನೆಯಲ್ಲಿ, ಯಾರ ಕಣ್ಣಿಗೂ ಬೀಳದೆ?

205

ನನ್ನ ಬೆರಳುಗಳು ಚುರುಕಾದವು, ಒಪ್ಪಿಕೊಳ್ಳುತ್ತೇನೆ. ಆಸ್ಪತ್ರೆಯ ಕಾರಿಡಾರು, ಮುಚ್ಚಿದ ಲಕೋಟೆ, ಡಾಕ್ಟರ ಕೆಮ್ಮು. ಇಷ್ಟು ಹೊತ್ತು ತೂಕದ ತಮಾಷೆಗೆ ನಕ್ಕವರನ್ನು ಈಗ ಅಳಿಸುತ್ತೇನೆಂದು ಪೆನ್ನಿನ ಮುಚ್ಚಳ ತೆಗೆದೆ.

“ಏಯ್,” ಅಂದರು ಅತ್ತೆ, ಕಾರಿನಿಂದ ಇಳಿಯುತ್ತ. “ನಿನ್ನ ಕಥೆಗೊಂದು ಕಾಯಿಲೆ ಬೇಕು ಅಂತ ನನ್ನ ಮೈಗೆ ತಂದು ಅಂಟಿಸ್ಬೇಡ. ನಾನು ಗಟ್ಟಿಯಾಗೇ ಇದೀನಿ.”

“ಮತ್ತೆ ಹನ್ನೆರಡು ಕೆಜಿ?”

“ಅದು ಅತ್ತೆ-ಸೊಸೆ ವಿಷ್ಯ. ನೀನು ಆ ಕಡೆ ತಿರುಗು.”

ನಾನು ತಿರುಗಿದಂತೆ ನಟಿಸಿದೆ. (ನೀವೂ ನಟಿಸಿ.)

ಸೀಟಿನ ಮೇಲೆ ಕರ್ಚೀಫು ಉಳಿದುಬಿಟ್ಟಿತ್ತು, ಗಂಟು ಕಟ್ಟಿ. ಕೊಡಲೆಂದು ಎತ್ತಿಕೊಂಡಳು. ಗಟ್ಟಿಯಾಗಿತ್ತು. ಬಿಚ್ಚದೆಯೇ ಅವಳ ಬೆರಳಿಗೆ ಗೊತ್ತಾಯಿತು: ಮೇಲಿನ ಸಾಲು, ಕೆಳಗಿನ ಸಾಲು, ಎಡಗಡೆ ದವಡೆ ಹಲ್ಲಿನ ಹಿಂದೆ ತಾನೇ ತಿದ್ದಿದ ಸಣ್ಣ ತಿರುವು. ಒಂಬತ್ತು ತಿಂಗಳ ಹಿಂದೆ ಅತ್ತೆಗೆಂದು ಕಟ್ಟಿದ ಸೆಟ್ಟು. ಕೊನೆಯ ಹೊಂದಾಣಿಕೆಗೆ ಡಾಕ್ಟರರೂ ಬೇಡ, ಮನೆಯಲ್ಲಿ ನಾನೇ ನೋಡಿಕೊಳ್ಳುತ್ತೇನೆ ಅಂದಿದ್ದಳು.

“ತೆಗೆದುಬಿಟ್ಟಿದೀರಾ?”

“ಉಬ್ಬು ಹತ್ತೋವಾಗ ಕುಕ್ಕುತ್ತೆ ಕಣೇ.” ಹಲ್ಲಿಲ್ಲದ ಬಾಯಿಯಲ್ಲಿ ಮಾತು ಗಾಳಿಯಾಗಿ ಬಂತು.

“ಊಟಕ್ಕೆ ಹಾಕ್ಕೋತೀರಲ್ಲ?”

“ಮಾತಾಡೋಕೆ ಹಾಕ್ಕೋತೀನಿ. ಉಣ್ಣೋಕೆ ತೆಗೀತೀನಿ.”

“ಯಾವಾಗಿಂದ?”

“ನೀನು ಕೊಟ್ಟ ದಿನದಿಂದ.”

ಬೇಸ್‌ಮೆಂಟಿನ ಟ್ಯೂಬ್‌ಲೈಟು ಒಂದು ಸಲ ಆರಿ ಹತ್ತಿತು. (ಅದನ್ನು ನಾನು ಹಾಕಿದ್ದಲ್ಲ, ಅದು ಮೊದಲಿಂದಲೂ ಕೆಟ್ಟಿತ್ತು.)

“ಹೇಳ್ಬಾರದಿತ್ತಾ ಅತ್ತೆ?”

“ಏನಂತ ಹೇಳ್ಲಿ? ಕೆಳಗಡೆ ಮನೆಯೋರಿಗೆ, ನಿನ್ನ ನಾದಿನಿಗೆ, ವಾಕಿಂಗ್ ಬರೋ ಅಷ್ಟೂ ಜನಕ್ಕೆ ಬಾಯಿ ತೆರೆದು ತೋರಿಸಿದೀನಿ, ನೋಡಿ ನನ್ನ ಸೊಸೆ ಕೆಲಸ ಅಂತ. ಆಮೇಲೆ ಉಜ್ಜುತ್ತೆ ಅನ್ಲಾ? ನಿಂಗೂ ಅದೊಂದು ಸೆಟ್ಟಿನ ಮೇಲೆ ಎಷ್ಟು ಹಿಗ್ಗು.”

ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಪರ್ಸಿನಿಂದ ಕಚ್ಚು ನೋಡುವ ನೀಲಿ ಕಾಗದ ತೆಗೆದಳು. ಸೆಟ್ಟು ತೊಳೆದು ಕೊಟ್ಟು, ಅತ್ತೆಯನ್ನು ಮತ್ತೆ ಹಿಂದಿನ ಸೀಟಿಗೆ ಕೂರಿಸಿ, ಹಲ್ಲಿನ ನಡುವೆ ಕಾಗದ ಇಟ್ಟಳು.

“ಕಚ್ಚಿ.”

ಕಚ್ಚಿದರು. ನೀಲಿ ಚುಕ್ಕೆಗಳು ಎಲ್ಲೆಲ್ಲಿ ಬೀಳಬೇಕೋ ಅಲ್ಲೇ, ಸಮನಾಗಿ ಬಿದ್ದಿದ್ದವು. ಒಂಬತ್ತು ತಿಂಗಳ ಹಿಂದೆಯೂ ಹೀಗೇ ಬಿದ್ದಿದ್ದವು. ಅಂದು ಇಷ್ಟಕ್ಕೇ ಬೆನ್ನು ತಟ್ಟಿಕೊಂಡು ಎದ್ದಿದ್ದಳು.

ಖಾಲಿ ಬಾಯಿ. ಅಳತೆ ಸರಿ.

“ಅತ್ತೆ, ಸುಮ್ನೆ ಕಚ್ಬೇಡಿ. ಅಗೀರಿ. ಏನೋ ತಿಂತಾ ಇದೀನಿ ಅನ್ಕೊಂಡು ಅಗೀರಿ.”

ಅತ್ತೆ ಕಣ್ಣು ಮುಚ್ಚಿ, ಏನನ್ನು ನೆನೆದರೋ, ನಿಧಾನವಾಗಿ ಅಗಿದರು. ಕೆಳ ಎಡ ದವಡೆಯಲ್ಲಿ, ಉದ್ದಕ್ಕೆ, ಗಾಢ ನೀಲಿಯ ಗೀರು ಎದ್ದಿತು. ಅರ್ಧ ಮಿಲಿಮೀಟರ್ ಇರಬಹುದು.

2_5

ಮಾರನೆಯ ದಿನ ಲ್ಯಾಬಿನಲ್ಲಿ ಆ ಗೀರಿದ್ದ ಕಡೆ ಹಲ್ಲು ಸವೆಸಿ, ನಯ ಮಾಡಿ, ಅಲ್ಲಿಂದ ಸೀದಾ ಟೈರಿನ ಅಂಗಡಿಗೆ ಬಂದಿದ್ದಾಳೆ, ಅತ್ತೆ ಸಮೇತ. ಆರ್ಡರು ಇವತ್ತೇ ಕೊಡಬೇಕು. ಅತ್ತೆ ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದಾರೆ, ಕೈಯಲ್ಲೊಂದು ಇಡೀ ಸೇಬು.

ನೀವು ನನಗಿಂತ ಮೊದಲೇ ಲೆಕ್ಕ ಹಾಕಿರುತ್ತೀರಿ. ಹಲ್ಲು ಸರಿಯಾದರೆ ಅತ್ತೆ ಉಣ್ಣುತ್ತಾರೆ. ಉಂಡರೆ ಹನ್ನೆರಡು ಕೆಜಿ ವಾಪಸ್ ಬರುತ್ತದೆ. ಬಂದರೆ 225 ಉಜ್ಜುತ್ತದೆ, ಒಪ್ಪಂದದಲ್ಲಿ ‘ಯಾವತ್ತಾದರೂ’ ಎಂದಿದೆ, ಮಂಚದ ಕೆಳಗೆ ಸ್ಪ್ರಿಂಗು ಕಾಯುತ್ತಿದೆ. ನನ್ನ ಬಳಿ ಮೂರು ಮುಕ್ತಾಯಗಳಿವೆ:

ಅ) 225 ಹಾಕಿಸುತ್ತಾಳೆ, ಅಂದಿನಿಂದ ಅತ್ತೆಯ ತಟ್ಟೆಯ ಮೇಲೊಂದು ಕಣ್ಣಿಡುತ್ತಾಳೆ. (ಇದನ್ನು ಓದಿ ಹೇಳಿದ ಕೂಡಲೇ ನೀಲಿ ಕಾಗದದ ಡಬ್ಬಿ ನನ್ನ ಹಣೆಗೆ ಬಂದು ಬಡಿಯಿತು. ಗುರಿ ಚೆನ್ನಾಗಿದೆ.)

ಆ) 215 ಹಾಕಿಸುತ್ತಾಳೆ. ಮೂರು ಮಿಲಿಮೀಟರ್ ಅತ್ತೆಗೆಂದು ಮೀಸಲು. ಆದರೆ ಅದೂ ಎಂಬತ್ತೆರಡರ ಲೆಕ್ಕ. ಒಂಬತ್ತು ತಿಂಗಳ ಹಸಿವು ಎಂಬತ್ತೆರಡಕ್ಕೇ ನಿಲ್ಲುತ್ತದೆಂದು ಯಾರು ಸಹಿ ಹಾಕಿ ಕೊಟ್ಟಿದ್ದಾರೆ?

ಇ) ಕಾರಿನ ಹುಚ್ಚಿರುವ ಓದುಗರು ಆಗಿನಿಂದ ಬಡಿದುಕೊಳ್ಳುತ್ತಿದ್ದೀರಲ್ಲ, ಫೆಂಡರಿನ ಅಂಚನ್ನು ಒಳಕ್ಕೆ ಮಡಚಿ 225ನ್ನೇ ಹಾಕುವುದು. ಆಗಬಹುದು. ಬಣ್ಣ ಬಿರುಕು ಬಿಡಬಹುದು. ಅದಕ್ಕೂ ಎಷ್ಟು ಮಡಚಬೇಕೆಂದು ಎಕ್ಸ್ ಬೇಕು.

“ಒಂದ್ನಿಮಿಷ, 205 ಹಾಕಿಬಿಟ್ರೆ?” ಅಂದೆ ನಾನು.

“ಆ ಗತ್ತಿಗೆ ಬಸ್ಸಲ್ಲಿ ಓಡಾಡ್ತೀನಿ,” ಅಂದಳು.

ಟೈರಿನವ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಗೋಡೌನಿನವನನ್ನು ಲೈನಿನಲ್ಲಿ ಕಾಯಿಸುತ್ತ, ಪೆನ್ನು ಹಿಡಿದು ನಿಂತ. “ಸೈಜ್ ಹೇಳಿ ಮೇಡಂ. ಎರಡು, ಆಮೇಲೆ?”

ಅವಳು ಕಾರಿನ ಕಡೆ ತಿರುಗಿದಳು. ನಲವತ್ತು ವರ್ಷದಲ್ಲಿ ಮಾವ ಒಬ್ಬರೇ ಕೇಳಿ, ಕೇಳಿದ್ದಕ್ಕೆ ಎರಡು ದಿನ ತಾವೇ ಒಲೆ ಹಚ್ಚಿದ್ದ ಪ್ರಶ್ನೆಯನ್ನು ಅಂಗಡಿಯ ನಡುವೆ ನಿಂತು ಗಟ್ಟಿಯಾಗಿ ಕೇಳಿಯೇಬಿಟ್ಟಳು.

“ಅತ್ತೆ, ಎಷ್ಟಕ್ಕೆ ಬಂದು ನಿಲ್ತೀರಾ ನೀವು?”

ಹಿಂದಿನ ಸೀಟಿನಿಂದ ಕರಕ್ಕೆಂದು ಸದ್ದು ಬಂತು. ಟೈರಿನವ ಹೌಹಾರಿ ಚಕ್ರದ ಕಡೆ ಬಗ್ಗಿದ.

“ಏನದು ಮೇಡಂ? ನಿಂತಲ್ಲೇ ಉಜ್ತಾ ಇದ್ಯಾ?”

“ಇಲ್ಲಣ್ಣ,” ಅಂದಳು ಅವಳು. “ಅಗೀತಾ ಇದಾರೆ.”

ಅತ್ತೆ ಒಂದು ಬೆರಳೆತ್ತಿ, ತಾಳಿ ಎಂದು ಸನ್ನೆ ಮಾಡಿದರು. ಬಾಯಿ ತುಂಬಿತ್ತು. ಗೋಡೌನಿನವ ಹಲೋ ಹಲೋ ಅನ್ನುತ್ತಿದ್ದ. ಮುಂದೇನಾಯಿತೆಂದು ನಾನೂ ಕೇಳಿದೆ. ಆ ಬೆರಳು ನನ್ನ ಕಡೆಗೂ ತಿರುಗಿತು. ಸೇಬು ಇನ್ನೂ ಮುಕ್ಕಾಲು ಉಳಿದಿದೆ, ಯಾರೂ ಅವಸರ ಮಾಡುತ್ತಿಲ್ಲ. ಮೇಲಿನ ನಂಬರಿನ ನಡುವಿನ ಅಂಕಿಯನ್ನು ಹಾಗೇ ಖಾಲಿ ಬಿಟ್ಟಿದ್ದೇನೆ.