ಬಿಸಿ ಆರುವ ಮೊದಲು

ಮುಳ್ಳು ಅಲುಗಿತೇ, ಇಲ್ಲ, ಟ್ಯೂಬ್‌ಲೈಟು ಮಿಣುಕಿದ್ದಿರಬೇಕು, ಒತ್ತಡದ ಗೇಜಿನ ಗಾಜಿನ ಮೇಲೆ ತನ್ನದೇ ಉಸಿರಿನ ಮಂಜು, ಅವಳು ಉಸಿರು ಬಿಗಿಹಿಡಿದು ನೋಡುತ್ತಾಳೆ — ಇಳಿದಿದೆ, ಕೂದಲೆಳೆಯಷ್ಟು ಇಳಿದಿದೆ. ಏಸಿಯ ತಾಮ್ರದ ಪೈಪಿಗೆ ಬೆಸುಗೆ ಹಾಕಿಸಿ, ಒಳಗೆ ನೈಟ್ರೋಜನ್ ತುಂಬಿಸಿ, ನಾನು ಬರೋ ತನಕ ಮುಳ್ಳು ಅಲ್ಲೇ ನಿಂತಿರಬೇಕಮ್ಮ, ಇಳೀತು ಅಂದ್ರೆ ಸೋರ್ತಿದೆ ಅಂತ ಅರ್ಥ, ಫೇಲು, ಅಂದು ಪರೀಕ್ಷಕರು ಪಕ್ಕದ ಕೋಣೆಗೆ ಹೋದರು, ಅಲ್ಲಿ ಯಾರೋ ನಗುತ್ತಿದ್ದಾರೆ, ಲೋಟಗಳ ಸದ್ದು. ಸೋರುತ್ತಿಲ್ಲ, ಸೋಪಿನ ನೊರೆ ಹಚ್ಚಿ ನೋಡಿದ್ದಾಳೆ, ಒಂದು ಗುಳ್ಳೆಯೂ ಏಳಲಿಲ್ಲ, ಹಾಗಾದರೆ ಬಿಸಿ, ಹೌದು ಬಿಸಿ, ಪೈಪು ಆರುವ ಮೊದಲೇ ತುಂಬಿಸಿಬಿಟ್ಟಳು, ಆರುತ್ತ ಆರುತ್ತ ಒಳಗಿನ ಗ್ಯಾಸು ಕುಗ್ಗಿ ಮುಳ್ಳು ಇಳಿಯುತ್ತದೆ, ಗೊತ್ತಿದ್ದೂ ಏನವಸರವಿತ್ತು, ಎಲ್ಲರೂ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರಲ್ಲ, ಒಲೆ ಹಚ್ಚಿದ ಹಾಗಲ್ಲಕ್ಕಾ ಇದು ಎಂದು ಹಿಂದೆ ನಿಂತವನು ಹಲ್ಲು ಕಿಸಿದನಲ್ಲ, ಆ ಅವಸರ. ಚಿಕ್ಕಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ, ಸರ್ಟಿಫಿಕೇಟ್ ಇಲ್ಲದವರನ್ನ ಇನ್ನು ಯಾರೂ ಏಸಿ ಮುಟ್ಟೋಕೂ ಬಿಡಲ್ಲ ಕಣೇ, ನಿಮ್ಮಪ್ಪನ ಕಾಲ ಮುಗೀತು, ಈ ಸಲನೂ ಪಾಸಾಗ್ಲಿಲ್ಲ ಅಂದ್ರೆ ಅಂಗಡಿ ಬೀಗದ ಕೈ ನಂಗೆ ಕೊಟ್ಟು ಸುಮ್ಮನೆ ಮನೇಲಿರು.

ಸಿಲಿಂಡರಿನ ವಾಲ್ವು ಇಲ್ಲೇ ಇದೆ, ಚೂರು ತಿರುಗಿಸಿದರೆ ಮುಳ್ಳು ಮತ್ತೆ ಮೇಲಕ್ಕೆ, ಯಾರಿಗೆ ಗೊತ್ತಾಗುತ್ತದೆ, ಅಪ್ಪ ಜೀವನವಿಡೀ ಮಾಡಿದ್ದೂ ಅದೇ ಅಲ್ಲವೇ — ತೂತು ಹುಡುಕ್ತಾ ಕೂತ್ರೆ ಹೊಟ್ಟೆ ತುಂಬುತ್ತಾ ಮಗಳೇ, ಒಂದಿಷ್ಟು ಗ್ಯಾಸ್ ತುಂಬಿ ಎದ್ದು ಬಾ, ರೂಮು ತಣ್ಣಗಾದ್ರೆ ಸರಿ, ಬರೋ ಬೇಸಿಗೇಲಿ ಅವರೇ ಕರೀತಾರೆ. ತನ್ನ ಎದೆನೋವಿಗೂ ಅಪ್ಪನದು ಅದೇ ಮದ್ದು, ಒಂದು ಮಾತ್ರೆ ನುಂಗುವುದು, ಕೆಲಸಕ್ಕೆ ಏಳುವುದು, ಮತ್ತೊಂದು ನುಂಗುವುದು, ಏಳುವುದು, ಒಂದು ದಿನ ಏಳಲಿಲ್ಲ. ಇನ್ನೂ ಬಿಸಿ ಇದೆ ಅಮ್ಮ, ಮುಟ್ಟಿ ನೋಡಮ್ಮ, ಅಪ್ಪನ ಕೈ ಇನ್ನೂ ಬಿಸಿ ಇದೆ, ಎಂದು ಆಸ್ಪತ್ರೆಯಲ್ಲಿ ಕೂಗುತ್ತಿದ್ದವಳು ಅವಳೇ, ತಣ್ಣಗಾಗುವುದು ಬೆರಳ ತುದಿಯಿಂದ ಶುರುವಾಯಿತು, ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು, ಅವಳು ಬಿಡದೆ ಹಿಡಿದೇ ಇದ್ದಳು —

ಏನಮ್ಮಾ, ನಿಂತಿದೆಯಾ? ಪರೀಕ್ಷಕರು ಬಾಗಿಲಲ್ಲಿ. ಅವಳ ಕೈ ವಾಲ್ವಿನ ಮೇಲಿದೆ, ಯಾವಾಗ ಹೋಯಿತೋ, ತಿರುಗಿಸಿಲ್ಲ, ಸುಟ್ಟುಕೊಂಡವಳ ಹಾಗೆ ತೆಗೆಯುತ್ತಾಳೆ. ಇಳೀತು ಸರ್, ಸೋರಿಕೆಯಲ್ಲ, ಬಿಸಿ ಆರ್ತಿದೆ ಅಷ್ಟೇ. ಎಲ್ಲರೂ ಹಾಗೇ ಅಂತಾರಮ್ಮ, ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಅವಳು ಪೈಪನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ, ಮುಟ್ಟಿ ನೋಡಿ ಸರ್, ಇನ್ನೂ ಬೆಚ್ಚಗಿದೆ, ಇನ್ನೂ — ಬೆರಳ ತುದಿ, ಅಂಗೈ, ಮಣಿಕಟ್ಟು, ಮುಳ್ಳು ಇಳಿಯುತ್ತಿದೆ, ಬೆರಳ ತುದಿ, ಅಂಗೈ