ಟ್ರೆಬಲ್ ಗುಂಡಿ

ಮೂವತ್ತು ವರ್ಷ ಕೊಟ್ಟೂರಿನಲ್ಲಿ ಮೈಕ್‌ಸೆಟ್ ಹಚ್ಚಿದವನು ನಾನು, ಜಂಬಣ್ಣ. ಮದುವೆಯಿರಲಿ, ನಾಟಕವಿರಲಿ, ಕಿವಿ ಅಂದರೆ ಜಂಬಣ್ಣನದು ಎನ್ನುತ್ತಿದ್ದರು ಜನ. ಶ್ರಾವಣದಲ್ಲಿ ದಿನಾ ಬೆಳಿಗ್ಗೆ ಮಠದ ಮೈಕಿನಲ್ಲಿ ಗಾದೆಪ್ಪನ ಭಜನಾ ಮೇಳದ ಸೀಡಿ ಹಾಕುವುದೂ ನನ್ನ ಕೆಲಸವೇ. 2004ರಲ್ಲಿ ಅದೇ ಗಾದೆಪ್ಪ ಎಲ್ಲರೆದುರಿಗೆ ಅಂದುಬಿಟ್ಟ:

"ಜಂಬಣ್ಣ, ನಿನ್ನ ಸೌಂಡು ಕಿವಿಗೆ ಚುಚ್ಚತೈತಪ್ಪ. ಸೋಮವಾರದೊಳಗ ಸರಿ ಮಾಡು, ಇಲ್ಲಾಂದ್ರ ಹಗರಿಬೊಮ್ಮನಹಳ್ಳಿಯಿಂದ ಬ್ಯಾರೆಯವರನ್ನ ಕರಸ್ತೀವಿ."

ಮೈಯೆಲ್ಲ ಉರಿದುಹೋಯಿತು. ತಪ್ಪು ನನ್ನದಲ್ಲ, ಸೀಡಿಯದು. ಕ್ಯಾಸೆಟ್ ಹೋಗಿ ಸೀಡಿ ಬಂದಾಗಲೇ ತಾಳದ ಸದ್ದು ಸತ್ತಿತು, ಅದನ್ನು ಎಬ್ಬಿಸಲಿಕ್ಕೇ ನಾನು ಚೂಪು ಸದ್ದು ಏರಿಸುವ ಟ್ರೆಬಲ್ ಗುಂಡಿ ತಿರುಗಿಸುವುದು. ಹಾಗಂತ ಕೂಗಾಡಿ ಮನೆಗೆ ಬಂದೆ. ಮನೆಯಲ್ಲಿ ಹೆಂಡತಿ ನಾಗಲಿಂಗಮ್ಮ ಬೇರೆ. ಎರಡು ವರ್ಷದಿಂದ ಅವಳು ಮಾತಾಡಿದರೆ ಜಗಳ ಮಾಡಿದಂತೆಯೇ. "ಊಟಕ್ಕ ಬರ್ರಿ" ಅನ್ನುವುದೂ ಬೀದಿಗೆ ಕೇಳಬೇಕು.

ಭಾನುವಾರ ಅವಳ ತಮ್ಮ ಗುರುಬಸವರಾಜ ಹರಪನಹಳ್ಳಿಯಿಂದ ಬಂದ. ಅಲ್ಲಿ ಅವನದು ಟೀವಿ, ಟೇಪು ರಿಪೇರಿಯ ಅಂಗಡಿ. ಸೀಡಿಯ ಮೇಲಿನ ನನ್ನ ದೂರು ಕೇಳಿ ಚೀಲದಿಂದ ಸಣ್ಣದೊಂದು ಕರಿ ಡಬ್ಬಿ ತೆಗೆದ.

"ಸೀಡಿಯೊಳಗ ಇರೋದು ಬರೇ ಅಂಕಿ, ಮಾವ. ಅಂಕಿನ ಸೌಂಡು ಮಾಡಾಕ ಪ್ಲೇಯರ್‌ನಾಗೂ ಒಂದು ಚಿಪ್ ಇರತೈತಿ. ಈ ಕನ್ವರ್ಟರ್ ಅದಕ್ಕಿಂತ ಚಲೋ ಮಾಡತೈತಿ. ನೋಡೂಣು, ನೀನು ಹೇಳೋದು ಖರೇ ಇದ್ರ ತಾಳ ಎದ್ದು ಬರತೈತಿ."

ನಡುಮನೆಯಲ್ಲಿದ್ದ ನನ್ನ ಸ್ವಂತ ಹೈಫೈ ಸೆಟ್ಟಿಗೇ ಜೋಡಿಸಿದ. ಆಂಪ್ಲಿಫೈಯರ್‌ನ ಗುಂಡಿ ಒಂದು ಕಡೆ ತಿರುಗಿಸಿದರೆ ಪ್ಲೇಯರ್‌ನ ಸದ್ದು, ಇನ್ನೊಂದು ಕಡೆ ಡಬ್ಬಿಯ ಸದ್ದು. ನಾನು ಗೋಡೆಗೆ ಮುಖ ಮಾಡಿ ಕೂತೆ. ಗುಂಡಿ ತಿರುಗಿಸುವವಳು ನಾಗಲಿಂಗಮ್ಮ.

ಮೊದಲ ಸಲ ಕೇಳಿದೆ. ಎರಡನೆಯ ಸಲ ಕೇಳಿದೆ. ಎರಡೂ ಒಂದೇ.

"ಥೂ, ಏನೂ ಫರಕಿಲ್ಲ! ಯಾವನೋ ನಿನಗ ಟೋಪಿ ಹಾಕ್ಯಾನ" ಎಂದೆ.

"ಭಾಳ ಫರಕೈತಿ ಮಾವ! ಡಬ್ಬಿಯೊಳಗ ತಾಳ ಬಡಿದ ಮ್ಯಾಲೂ ನಾದ ಎಳೀತೈತಿ. ಅಕ್ಕಾ, ನಿನಗ ಕೇಳ್ತೇನು?"

"ಕೇಳ್ತು" ಅಂದಳು ಅವಳು.

ನನಗೆ ಸಿಟ್ಟು ಬಂತು. ಭಜನೆಯ ಕೊನೆಯಲ್ಲಿ ಗಾದೆಪ್ಪ ಒಂಟಿಯಾಗಿ ಒಮ್ಮೆ ತಾಳ ಬಡಿಯುತ್ತಾನೆ. ಅದನ್ನೇ ಹಾಕು, ನಾದ ನಿಂತಾಗ ಮೂರೂ ಜನ ಕೈ ಎತ್ತೋಣ ಎಂದೆ. ಹಾಕಿದ. ತಾಳ ಬಡಿಯಿತು, ನಿಂತಿತು. ನಾನು ಕೈ ಎತ್ತಿ, ಗೆದ್ದೆ ಅಂತ ತಿರುಗಿ ನೋಡಿದೆ.

ಅಕ್ಕ ತಮ್ಮ ಇಬ್ಬರೂ ಕೈ ಕೆಳಗಿಟ್ಟು ಇನ್ನೂ ಕೇಳುತ್ತಿದ್ದರು.

ಎದ್ದು ಹೋಗಿ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಮತ್ತೆ ಹಾಕಿಸಿದೆ. ಆಗ ನನಗೆ ಒಂದಿಷ್ಟು ಕೇಳಿತು. ಗುರು ಎರಡೂ ಕಿವಿ ಮುಚ್ಚಿಕೊಂಡಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಊರ ತುಂಬ ಸೀಡಿ ಡೊಂಕು ಅಂತ ಸಾರಿಕೊಂಡು ಬಂದಿದ್ದೆ. ಮೂವತ್ತು ವರ್ಷ ಮೈಕಿನ ಹಾರನ್ನಿನ ಬುಡದಲ್ಲಿ ಕೂತ ಕಿವಿ ಯಾವಾಗ ಹೋಯಿತೋ ಏನೋ. ದುಃಖ ಉಕ್ಕಿ ಬಂತು.

"ನಿನಗ ಗೊತ್ತಿತ್ತೇನು?" ಎಂದು ನಾಗಲಿಂಗಮ್ಮನನ್ನು ಕೇಳಿದೆ.

"ಎರಡು ವರ್ಷಾತು. ಹೇಳಿದ್ರ ನೀವು ಕೇಳೋರೇನು? ಅದಕ್ಕ ಒದರಿ ಮಾತಾಡ್ತಿದ್ದೆ."

"ನಾನು ಜಗಳ ಅಂದ್ಕೊಂಡಿದ್ದೆ."

"ಅನ್ಕೊಳ್ರಿ ಅಂತ ಸುಮ್ಮನಾದೆ. ಕಿವಿ ಹೋಗೇತಿ ಅಂತ ಹೆಂಗ ಹೇಳ್ಲಿ ನಿಮಗ?"

ಡಬ್ಬಿಯನ್ನು ಗುರುವಿಗೇ ವಾಪಸು ಕೊಟ್ಟೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮಠಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಆಂಪ್ಲಿಫೈಯರ್ ಪಕ್ಕ ಕೂರಿಸಿದೆ. "ಇದೇನೋ ಹೊಸಾದು!" ಎಂದು ಗಾದೆಪ್ಪ ನಕ್ಕ. ನಗಲಿ ಬಿಡು. ಸೀಡಿ ಹಾಕಿ ಗುಂಡಿಯ ಮೇಲೆ ಕೈಯಿಟ್ಟು ಅವಳ ಮುಖ ನೋಡಿದೆ. ಸ್ವಲ್ಪ ಇಳಿಸಿದೆ. ಇನ್ನೂ ಸ್ವಲ್ಪ ಇಳಿಸಿದೆ. ನನ್ನ ಪಾಲಿಗೆ ತಾಳ ಪೂರಾ ನಿಂತುಹೋಯಿತು.

"ಸಾಕ್ರಿ, ಈಗ ಚಲೋ ಕೇಳ್ತೈತಿ" ಎಂದಳು, ಮಠದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.