ಮಾಂಜ್ರಾ ಯಾವ ಕಡೆ ಹರಿಯುತ್ತದೆ

"ಮಾಂಜ್ರಾ ನದಿ ಯಾವ ನದಿಯನ್ನು ಸೇರುತ್ತದೆ?"

ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಹಿಂದಿನ ಸಾಲಿನಲ್ಲಿ ಕೂತಿದ್ದ ವಜೀರಬೀ ಟೀಚರಿಗೆ ಗೆದ್ದೇಬಿಟ್ಟೆವು ಅನಿಸಿತು. ಭಾಲ್ಕಿಯ ಆ ಸಭಾಭವನದಲ್ಲಿ ಬೀದರ್, ಭಾಲ್ಕಿ, ಔರಾದ ತಾಲೂಕುಗಳ ಮಕ್ಕಳ ಸಾಮಾನ್ಯ ಜ್ಞಾನ ಸ್ಪರ್ಧೆ ಕೊನೆಯ ಸುತ್ತಿಗೆ ಬಂದಿತ್ತು. ವೇದಿಕೆಯ ಮೇಲೆ ಉಳಿದಿದ್ದವರು ಇಬ್ಬರು. ಒಬ್ಬಳು ಔರಾದ ತಾಲೂಕಿನ ಮಹಾಮಾಯಾ, ವಜೀರಬೀಯ ಶಾಲೆಯ ಆರನೇ ತರಗತಿ ಹುಡುಗಿ. ಅವಳ ಮನೆ ಇರುವುದೇ ಮಾಂಜ್ರಾ ದಂಡೆಯಲ್ಲಿ.

"ಗೋದಾವರಿ, ರೀ ಸರ್."

"ತಪ್ಪು," ಎಂದರು ತೀರ್ಪುಗಾರ ದತ್ತಾತ್ರೇಯ ಸರ್, ಮುಂದಿದ್ದ ಪುಸ್ತಕ ನೋಡುತ್ತ. ಪ್ರಶ್ನೆ ಬೀದರಿನ ಹುಡುಗಿ ಕೇತಕಿಗೆ ಹೋಯಿತು. ಅವಳು ಕಣ್ಣು ಮುಚ್ಚಿ, ಬಾಯಿಪಾಠ ಒಪ್ಪಿಸುವಂತೆ "ಕೃಷ್ಣಾ" ಎಂದಳು. ಸಭೆ ಚಪ್ಪಾಳೆ ಹೊಡೆಯಿತು.

ಮಹಾಮಾಯಾ ಕೂರಲಿಲ್ಲ. "ಅಲ್ಲ ರೀ ಸರ್. ನಾ ಕಣ್ಣಾರೆ ನೋಡೀನಿ. ನಮ್ಮ ಮುತ್ಯಾನ ಅಸ್ಥಿ ಬಿಡಲಿಕ್ಕ ಕಂದಕುರ್ತಿಗಿ ಹೋಗಿದ್ವಿ. ಅಲ್ಲಿ ಮಾಂಜ್ರಾ ಗೋದಾವರಿಗಿ ಕೂಡ್ತದ್ರಿ."

"ಪುಸ್ತಕದಾಗ ಏನದ ಅದೇ ಉತ್ತರ. ಸುಮ್ನ ಕುಂಡ್ರವಾ. ದೊಡ್ಡವರಿಗಿ ಎದುರು ಮಾತಾಡಬಾರದು."

ವಜೀರಬೀ ಎದ್ದು ನಿಂತಳು. "ಸರ್, ಹುಡುಗಿ ಹೇಳಿದ್ದು ಖರೇ ಅದ್ರಿ. ಭಾಲ್ಕಿಯವರಾಗಿ ನೀವೇ ಹಿಂಗಂದ್ರ ಹ್ಯಾಂಗ್ರಿ?"

"ಮೇಡಂ, ಪಾಠ ಅರವತ್ತೊಂದು ತೆಗೆದು ನೋಡ್ರಿ. ನಿಮ್ಮ ಸಾಲಿಯೊಳಗ ಪುಸ್ತಕ ಪೂರಾ ಓದಿಸಿಲ್ಲ ಅಂದ್ರ ನಾವೇನು ಮಾಡೋದ್ರಿ?"

ಸಭೆಯಲ್ಲಿ ನಾಲ್ಕೈದು ಜನ ನಕ್ಕರು. ಆ ನಗೆ ವಜೀರಬೀಯ ಮೈಗೆ ಬೆಂಕಿ ಹಚ್ಚಿದಂತಾಯಿತು. ಪುಸ್ತಕ ಪೂರಾ ಓದಿಸಿರಲಿಲ್ಲ ಎಂಬುದು ನಿಜ. ಐವತ್ತೆಂಟನೇ ಪಾಠಕ್ಕೆ ಬಂದಿದ್ದರು ಅಷ್ಟೇ. ಉಳಿದದ್ದನ್ನು ಮಕ್ಕಳ ಕೈಗೆ ಕೊಡುವ ಮೊದಲು ತಾನಾದರೂ ಕಣ್ಣಾಡಿಸಬೇಕಿತ್ತು, ಆಡಿಸಿರಲಿಲ್ಲ. ಅದಕ್ಕೆ ತನ್ನ ಮೇಲೂ ಅವಳಿಗೆ ಸಿಟ್ಟು ಬಂತು.

ಇಪ್ಪತ್ತಾರು ವರ್ಷದಿಂದ ದಿನಾ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಮಕ್ಕಳಿಗೆ ಒಂದು ಹೊಸ ಸಂಗತಿ ಹೇಳುವುದು ವಜೀರಬೀಯ ರೂಢಿ. ಹಗಲಲ್ಲೂ ಚಂದ್ರ ಕಾಣುವುದು ಯಾಕೆ, ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಯಾಕೆ, ಪಿನ್‌ಕೋಡಿನ ಮೊದಲ ಅಂಕಿ ಏನು ಹೇಳುತ್ತದೆ, ತೊಗರಿ ಬೇರಿನಲ್ಲಿ ಗಂಟು ಯಾಕೆ. ಹೇಳಿ ಬಿಡುತ್ತಿರಲಿಲ್ಲ, ತೋರಿಸುತ್ತಿದ್ದಳು. ತೊಗರಿಯ ಪಾಠದ ದಿನ ಮಕ್ಕಳು ಬೇರುಸಹಿತ ಗಿಡ ಕಿತ್ತು ತಂದು ಶಾಲೆಯ ಕಟ್ಟೆಯನ್ನೆಲ್ಲ ಮಣ್ಣು ಮಾಡಿದ್ದರು.

ಈ ವರ್ಷ ಬೀದರಿನ ಒಂದು ಖಾಸಗಿ ಸಂಸ್ಥೆ "ದಿನಕ್ಕೊಂದು ಹಿಡಿ ಅರಿವು" ಎಂಬ ಪುಸ್ತಕ ಮಾಡಿಸಿ ಮೂರು ತಾಲೂಕಿನ ಶಾಲೆಗಳಿಗೆಲ್ಲ ಹಂಚಿತ್ತು. ಹೊಳೆಯುವ ರಟ್ಟು, ಒಳಗೆ ನೂರೆಂಬತ್ತು ಪುಟ್ಟ ಪಾಠ. ಭಾಲ್ಕಿಯ ಸ್ಪರ್ಧೆ ನಡೆದದ್ದೂ ಇದೇ ಪುಸ್ತಕದ ಮೇಲೆ. ಸಂಪಾದಕರ ಹೆಸರು ದತ್ತಾತ್ರೇಯ, ನಿವೃತ್ತ ಮುಖ್ಯ ಗುರುಗಳು, ಭಾಲ್ಕಿ. ವಜೀರಬೀ ಅದನ್ನು ಖುಷಿಯಿಂದಲೇ ಕೈಗೆತ್ತಿಕೊಂಡಿದ್ದಳು. ಹದಿನಾಲ್ಕನೇ ಪಾಠದಲ್ಲಿ ಜೇಡಕ್ಕೆ ಆರು ಕಾಲು ಎಂದಿತ್ತು. ಮಕ್ಕಳು ಅಡುಗೆಕೋಣೆಯ ಮೂಲೆಯಿಂದ ಜೇಡವೊಂದನ್ನು ಬಾಟಲಿಯಲ್ಲಿ ಹಿಡಿದು ತಂದು ಎಣಿಸಿದರು, ಎಂಟು. ಅವಳು ಅಂದೇ ಸಂಸ್ಥೆಗೆ ಫೋನು ಮಾಡಿದಳು. "ಸರ್ ಗಮನಕ್ಕ ತರ್ತೇವ್ರಿ ಮೇಡಂ," ಎಂದಿತ್ತು ಆ ಕಡೆಯ ದನಿ. ತಂದಿರಲಿಲ್ಲ.

ಭಾಲ್ಕಿಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಮಹಾಮಾಯಾ ಅಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ಒಮ್ಮೆ ಮಾತ್ರ ಕೇಳಿದಳು. "ಟೀಚರ್, ನಾ ಕೃಷ್ಣಾ ಅನ್ನಬೇಕಾಗಿತ್ತೇನ್ರಿ?"

ವಜೀರಬೀಗೆ ನೋವಾಯಿತು. ಸೋತದ್ದಕ್ಕಲ್ಲ. ನೋಡಿದ್ದನ್ನು ನೋಡಿದೆ ಎಂದ ಮಗುವಿನ ಬಾಯಲ್ಲಿ ಈ ಪ್ರಶ್ನೆ ಬಂತಲ್ಲ, ಅದಕ್ಕೆ. "ಎಂದೂ ಅನ್ನಬ್ಯಾಡ," ಎಂದಳು.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಮಹಾಮಾಯಾಳ ಅಜ್ಜಿ ಪುತಳಾಬಾಯಿ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಟೀಚರ್, ನನ್ನ ಮಮ್ಮಗಳು ಸುಳ್ಳು ಹೇಳ್ತಾಳಂತ ಯಾವನಂದಾಂವ? ನನ್ನ ಗಂಡನ ಅಸ್ಥಿ ಈ ಕೈಲೇ ನೀರಿಗಿ ಬಿಟ್ಟು ಬಂದೀನಿ. ಅದು ಗೋದಾವರಿ ಅಲ್ಲಂದ್ರ ನನ್ನ ಗಂಡ ಯಾ ಕಡಿ ಹೋದ? ನನಗ ಹೇಳ್ರಿ!"

"ನನಗ್ಯಾಕ ಕೇಳ್ತೀ ಪುತಳಾಬಾಯಿ? ಬಾ, ಬರೆದವರಿಗೇ ಕೇಳೋಣ."

ಮರುದಿನ ರಜೆ ಹಾಕಿ ವಜೀರಬೀ ಅಜ್ಜಿ ಮೊಮ್ಮಗಳಿಬ್ಬರನ್ನೂ ಕರೆದುಕೊಂಡು ಬೀದರಿನ ಬಸ್ಸು ಹತ್ತಿದಳು. ಬಸ್ಸು ಮಾಂಜ್ರಾ ಸೇತುವೆ ದಾಟುವಾಗ ಪುತಳಾಬಾಯಿ ನದಿಗೆ ಕೈ ಮುಗಿದಳು.

ಸಂಸ್ಥೆಯ ಕಚೇರಿಯಲ್ಲಿ ಸಾರಂಗ ಎಂಬ ಯುವಕ ಕಂಪ್ಯೂಟರಿನ ಮುಂದೆ ಕೂತಿದ್ದ. ಫೋನಿನಲ್ಲಿ ಮಾತಾಡಿದ ದನಿ ಅವನದೇ ಎಂದು ವಜೀರಬೀಗೆ ಗೊತ್ತಾಯಿತು. ಅವಳು ತನ್ನ ಮೊಬೈಲಿನಲ್ಲಿ ನಕಾಶೆ ತೆರೆದು, ಬೆರಳಿನಿಂದ ನದಿಯ ನೀಲಿ ಗೆರೆಯನ್ನು ಗೋದಾವರಿಯ ತನಕ ಎಳೆದು ತೋರಿಸಿದಳು.

ಸಾರಂಗ ನೋಡಿದ. "ನಕಾಶೆಯೊಳಗ ಅದ್ರಿ ಮೇಡಂ. ಆದರ ಉತ್ತರಪತ್ರಿಕೆಯೊಳಗ ಇಲ್ಲಲ್ರಿ."

"ಅಂದ್ರ ನಿಮ್ಮ ಉತ್ತರಪತ್ರಿಕೆ ನೋಡಿ ನದಿ ಹರಿಬೇಕೇನ್ರಿ?"

ದನಿ ಏರಿದ್ದು ಕೇಳಿ ಒಳಕೋಣೆಯಿಂದ ದತ್ತಾತ್ರೇಯ ಸರ್ ಹೊರಗೆ ಬಂದರು. ವೇದಿಕೆಯ ಮೇಲಿದ್ದ ಗತ್ತು ಇಲ್ಲಿ ಅರ್ಧ ಇಳಿದಿತ್ತು. ಮೂವರನ್ನೂ ಕೂರಿಸಿ ಚಹಾ ಹೇಳಿದರು. ಪುತಳಾಬಾಯಿ ಚಹಾ ಮುಟ್ಟಲಿಲ್ಲ. ಗಂಡನ ಕತೆ ಹೇಳಿ, ಕೊನೆಗೆ ಅದೇ ಪ್ರಶ್ನೆ ಕೇಳಿದಳು. ದತ್ತಾತ್ರೇಯ ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನಾನೂ ಸಣ್ಣಾಂವಿದ್ದಾಗ ಮಾಂಜ್ರಾದಾಗ ಈಜೀನಿ ರೀ. ಅದು ಗೋದಾವರಿಗಿ ಹೋಗ್ತದಂತ ನನಗ ಗೊತ್ತದ."

"ಮತ್ತ ಕೃಷ್ಣಾ ಅಂತ ಹ್ಯಾಂಗ ಬರೆದ್ರಿ?" ಎಂದಳು ವಜೀರಬೀ.

"ನಾ ಬರೆದಿಲ್ರಿ. ಇಂಟರ್ನೆಟ್ಟಿನ್ಯಾಗ ಅಲ್ಲಿಂದೊಂದು ಇಲ್ಲಿಂದೊಂದು ಕೂಡಿಸಿ ಈ ಹುಡುಗರು ಮಾಡ್ಯಾರ. ನನ್ನ ಹೆಸರು ಹಾಕ್ತೇವಂದ್ರು. ಹೂಂ ಅಂದೆ."

"ಓದಿ ನೋಡಿಲ್ರಿ?"

ಅವರು ತಲೆಯಾಡಿಸಿದರು. ಇಲ್ಲ.

ವಜೀರಬೀ ಸುಳ್ಳು ಹೇಳುವವನನ್ನು ಎದುರಿಸಲು ಸಿದ್ಧಳಾಗಿ ಬಂದಿದ್ದಳು. ಎದುರು ಸಿಕ್ಕಿದ್ದು ಓದದೆ ಹೆಸರು ಕೊಟ್ಟ ಗುರು.

"ಗೊತ್ತಿಲ್ಲದವರು ತಪ್ಪು ಹೇಳಿದ್ರ ತಿದ್ದಬಹುದು ಸರ್. ನಿಮಗ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಅಷ್ಟು ಜನರ ಮುಂದ ಈ ಕೂಸಿಗಿ ಕುಂಡ್ರು ಅಂದ್ರಿ. ನದಿ ನೋಡಿದ ಕೂಸಿಗಿ! ಇಷ್ಟು ಸಾಲಿಯ ಮಕ್ಕಳು ಈಗ ಕೃಷ್ಣಾ ಕೃಷ್ಣಾ ಅಂತ ಬಾಯಿಪಾಠ ಮಾಡ್ಲಿಕ್ಕತ್ತಾರ. ನಮ್ಮ ಮನಿ ಮುಂದಿನ ನೀರು ಎಲ್ಲಿ ಹೋಗ್ತದಂತ ಕಲಿಸಲಿಕ್ಕ ಆಗಲಿಲ್ಲಂದ್ರ ನಾವು ಮತ್ತೇನು ಕಲಿಸ್ತೇವಿ?"

ಸಾರಂಗ ಬೇಗ ಬೇಗ ಒಂದು ಪ್ರಮಾಣಪತ್ರ ತೆಗೆದು, ಅದರಲ್ಲಿ ಮಹಾಮಾಯಾಳ ಹೆಸರು ಬರೆದು ಮುಂದೆ ಹಿಡಿದ. "ತಗೊಳ್ಳವಾ. ಸಮಾಧಾನಕರ ಬಹುಮಾನ."

ಮಹಾಮಾಯಾ ಕೈ ಹಿಂದೆ ಕಟ್ಟಿಕೊಂಡಳು. "ನನ್ನ ಉತ್ತರ ಸರಿ ಇತ್ತಲ್ರಿ ಸರ್. ಸರಿ ಉತ್ತರಕ್ಕ ಸಮಾಧಾನ ಯಾಕ್ರಿ?"

ಪುತಳಾಬಾಯಿ ಆಗ ತಣ್ಣಗಾಗಿದ್ದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದಳು.

ಉತ್ತರ ಸರಿಯಿತ್ತೆಂದು ಬರೆದುಕೊಡಬೇಕು, ತಿದ್ದುಪಡಿಯನ್ನು ಪುಸ್ತಕ ಹೋದ ಶಾಲೆಗಳಿಗೆಲ್ಲ ಕಳಿಸಬೇಕು, ಇಷ್ಟೇ ತಮಗೆ ಬೇಕಾದದ್ದೆಂದು ವಜೀರಬೀ ಹೇಳಿದಳು. ದತ್ತಾತ್ರೇಯ ಸರ್ ಬಾಗಿಲ ತನಕ ಬಂದು, "ಮಾಡಿಸ್ತೇನಿ, ನನ್ನ ಮಾತು ನಂಬ್ರಿ," ಎಂದರು. ಮಹಾಮಾಯಾಳ ತಲೆಯ ಮೇಲೆ ಕೈಯಿಡಲು ಹೋದರು. ಅವಳು ಅಜ್ಜಿಯ ಹಿಂದೆ ಸರಿದಳು.

ಹದಿನೇಳು ದಿನದ ಮೇಲೆ ಲಕೋಟೆ ಬಂತು. ಮಹಾಮಾಯಾಳೇ ಅದನ್ನು ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಿದಳು. "ಪಾಠ ಅರವತ್ತೊಂದರಲ್ಲಿ ಮುದ್ರಣದೋಷದಿಂದ ಗೋದಾವರಿ ಎಂಬುದು ಕೃಷ್ಣಾ ಎಂದಾಗಿದೆ. ವಿದ್ಯಾರ್ಥಿನಿಯ ಉತ್ತರ ಸರಿ ಇರುತ್ತದೆ." ಕೆಳಗೆ ಸಂಸ್ಥೆಯ ಮೊಹರು, ದತ್ತಾತ್ರೇಯ ಸರ್ ಸಹಿ. ಮಕ್ಕಳು ಚಪ್ಪಾಳೆ ಹೊಡೆದರು.

ವಜೀರಬೀ ಕಾಗದ ಇಸಿದುಕೊಂಡು ಮತ್ತೊಮ್ಮೆ ಓದಿದಳು. ಮುದ್ರಣದೋಷ! ಓದದೇ ಹೆಸರು ಹಾಕಿದ್ದಕ್ಕೆ ಪಾಪ, ಅಚ್ಚಿನ ಮೊಳೆ ಹೊಣೆ. ಕೂಡಲೇ ಭಾಲ್ಕಿಯ ಪರಿಚಯದ ಟೀಚರ್ ಅಲಕಾಳಿಗೆ ಫೋನು ಮಾಡಿದಳು. ಅಂಥ ಕಾಗದ ತಮ್ಮ ಶಾಲೆಗೆ ಬಂದಿಲ್ಲ ಎಂದಳು ಅಲಕಾ. ಬಗದಲದ ಶಾಲೆಗೆ ವಿಚಾರಿಸಿದರೆ ಅಲ್ಲಿಗೂ ಬಂದಿಲ್ಲ. ಸಿಟ್ಟು ಮಾಡಿದವರ ಬಾಯಿಗೊಂದು ಕಾಗದ, ಉಳಿದವರಿಗೆ ಕೃಷ್ಣಾ.

ಅಂದು ಹತ್ತು ನಿಮಿಷದ ಪಾಠ ಮಧ್ಯಾಹ್ನದ ಊಟದ ತನಕ ನಡೆಯಿತು. ವಜೀರಬೀ ಅಂಚೆ ಕಚೇರಿಯಿಂದ ಕಾರ್ಡುಗಳ ಕಟ್ಟು ತರಿಸಿದಳು. ಮಕ್ಕಳು ಸಾಲಾಗಿ ಕೂತು, ಒಬ್ಬೊಬ್ಬರು ಒಂದೊಂದು ಶಾಲೆಗೆ ಬರೆದರು. ಜೇಡಕ್ಕೆ ಎಂಟು ಕಾಲು, ಹಿಡಿದು ಎಣಿಸಿರಿ. ಮಾಂಜ್ರಾ ಗೋದಾವರಿಯನ್ನು ಸೇರುತ್ತದೆ, ನಕಾಶೆ ನೋಡಿರಿ. ಉಳಿದ ಪಾಠಗಳನ್ನು ನಾವು ಪರೀಕ್ಷೆ ಮಾಡುತ್ತಿದ್ದೇವೆ, ನೀವೂ ಮಾಡಿರಿ.

ಎಂಟು ಶಾಲೆಗಳಿಂದ ಜವಾಬು ಬಂತು. ಐದು ಶಾಲೆಯ ಮಕ್ಕಳು ತಾವು ಕಂಡುಹಿಡಿದ ಬೇರೆ ತಪ್ಪುಗಳನ್ನು ಬರೆದಿದ್ದರು. ಎರಡು ಕಡೆಯವರು ಬರೀ ಧನ್ಯವಾದ ಹೇಳಿದ್ದರು. ಒಬ್ಬ ಮುಖ್ಯ ಗುರುಗಳು ಮಾತ್ರ, ಪುಸ್ತಕ ಹೊಸದಾಗಿಯೇ ಕಪಾಟಿನಲ್ಲಿದೆ, ಯಾರೂ ತೆರೆದಿಲ್ಲ, ಆದ್ದರಿಂದ ತಮ್ಮ ಶಾಲೆಯಲ್ಲಿ ಏನೂ ತಪ್ಪಾಗಿಲ್ಲ ಎಂದು ಬರೆದಿದ್ದರು.

ವಜೀರಬೀ ಆ ಕಾರ್ಡನ್ನು ಮೇಜಿನ ಮೇಲೆ ರಪ್ಪನೆ ಎಸೆದಳು. "ಯಾ ಅಲ್ಲಾ! ಮಹಾಮಾಯಾ, ಇನ್ನೊಂದು ಕಾರ್ಡು ಕೊಡು. ಇದಕ್ಕ ನಾನೇ ಬರೀತೇನಿ."